ದಣಿಯುವ ಮುಂಚೆ ತೀರ್ಮಾನಿಸಬೇಕಾದದ್ದು

ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತಗಳಲ್ಲಿ ಬೈಕ್ ಓಡಿಸಲು ಹೊರಟಿದ್ದೇವೆ, ನಾನು ಮತ್ತು ಒಬ್ಬ ಗೆಳೆಯ. ಆಸ್ಟ್ರಿಯಾದಲ್ಲಿ ಎರಡು ಬೈಕ್ ಬಾಡಿಗೆಗೆ ಹಿಡಿದು, ಇಟಲಿಗೆ ಇಳಿದು, ಸ್ವಿಟ್ಜರ್ಲೆಂಡಿನ ಒಂದು ಮೂಲೆ ಸುತ್ತಿ ಹೊರಟಲ್ಲಿಗೇ ವಾಪಸ್ ಬರುವುದು. ವಿಷಯ ಗೊತ್ತಾದವರು ಮೊದಲು ಕೇಳುವುದು ಯಾವ ಬೈಕು ಅಂತ. ಆಮೇಲೆ ಏನೇನು ಪ್ಯಾಕ್ ಮಾಡ್ತೀರಿ ಅಂತ. ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ನನ್ನ ತಯಾರಿಯ ಹೆಚ್ಚಿನ ಹೊತ್ತು ಹೋಗುತ್ತಿರುವುದು ಬೇರೆ ಕಡೆಗೆ.

ದಿನವಿಡೀ ಬೈಕ್ ಓಡಿಸಿದವರಿಗೆ ಸಂಜೆ ಐದು ಗಂಟೆಯ ತಲೆ ಹೇಗಿರುತ್ತದೆ ಅಂತ ಗೊತ್ತು. ಮೈ ತಣ್ಣಗಾಗಿರುತ್ತದೆ. ಗಾಳಿಯ ಸದ್ದಿಗೆ ಕಿವಿ ಗುಂಯ್ ಅನ್ನುತ್ತಿರುತ್ತದೆ. ಹೊಟ್ಟೆ ಖಾಲಿ. ಎದುರಿಗೆ ಇನ್ನೊಂದು ಘಾಟಿ, ಅದರ ಮೇಲೆ ಕಪ್ಪು ಮೋಡ. ರೂಮು ಬುಕ್ ಆಗಿರುವುದು ಘಾಟಿಯ ಆಚೆ. ಆಗ ತಲೆ 'ದಾಟಿಬಿಡೋಣ, ಒಂದು ಗಂಟೆ ತಾನೇ' ಅನ್ನುತ್ತದೆ. ಬೆಳಗ್ಗೆ ಎಂಟಕ್ಕೆ ಇದೇ ಮೋಡ ಕಂಡಿದ್ದರೆ ಅದೇ ತಲೆ ಬೇಡವೇ ಬೇಡ ಅನ್ನುತ್ತಿತ್ತು. ಗೊತ್ತಿರುವ ರಸ್ತೆಗಳಲ್ಲಿ ಈ ಕೊರತೆಯನ್ನು ಅಭ್ಯಾಸ ತುಂಬಿಕೊಡುತ್ತದೆ. ಬೇರೆ ದೇಶದಲ್ಲಿ ಆ ಆಸರೆ ಇಲ್ಲ. ಬೋರ್ಡು ಹೊಸದು, ನಿಯಮ ಹೊಸದು, ಓಡಿಸುವ ಬದಿಯೂ ಹೊಸದು. ತಲೆ ಬೆಳಗಿನಿಂದಲೇ ಡಬಲ್ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಬೇಗ ಸುಸ್ತಾಗುತ್ತದೆ.

ಅದಕ್ಕೇ ನನಗೆ ತಯಾರಿ ಅಂದರೆ ಇಷ್ಟು: ದಣಿದು ರಸ್ತೆ ಬದಿಯಲ್ಲಿ ನಿಂತಾಗ ತೆಗೆದುಕೊಳ್ಳಬೇಕಾಗಿ ಬರುವ ತೀರ್ಮಾನಗಳಲ್ಲಿ ಎಷ್ಟನ್ನು ಈಗಲೇ ಮೇಜಿನ ಮುಂದೆ ಕೂತು ತೆಗೆದುಕೊಳ್ಳಬಹುದೋ ಅಷ್ಟನ್ನೂ ತೆಗೆದುಕೊಂಡುಬಿಡುವುದು.

ಮೊದಲನೆಯದು ರಸ್ತೆಯ ಬದಿ. ಎಡಕ್ಕೆ ಓಡಿಸಿ ಬೆಳೆದವರು ಬಲಕ್ಕೆ ಓಡಿಸುವ ದೇಶಕ್ಕೆ ಹೋದಾಗ ಟ್ರಾಫಿಕ್ ಜಾಸ್ತಿ ಇರುವಲ್ಲಿ ಕಷ್ಟ ಆಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಟ್ರಾಫಿಕ್ ಇದ್ದರೆ ನಿಜವಾಗಿ ಸುಲಭ. ಮುಂದಿನ ಕಾರಿನ ಹಿಂದೆ ಹೋದರೆ ಆಯಿತು. ಅಪಾಯ ಇರುವುದು ಯಾರೂ ಇಲ್ಲದ ಕಡೆ. ಬೆಳಗ್ಗೆ ಹೋಟೆಲಿನ ಅಂಗಳದಿಂದ ಖಾಲಿ ರಸ್ತೆಗೆ ಇಳಿಯುವಾಗ. ಪೆಟ್ರೋಲ್ ಹಾಕಿಸಿ ಬಂಕಿನಿಂದ ಹೊರಬರುವಾಗ. ಫೋಟೋ ತೆಗೆಯಲು ನಿಂತು, ಹಿಂದಕ್ಕೆ ತಿರುಗಿಸಿಕೊಂಡು ಹೊರಡುವಾಗ. ಆಗೆಲ್ಲ ಕೈ ತನ್ನಷ್ಟಕ್ಕೆ ಎಡಕ್ಕೆ ಎಳೆಯುತ್ತದೆ. ಒಂದೆರಡು ದಿನ ಕಳೆದು 'ಈಗ ಅಭ್ಯಾಸ ಆಯ್ತು' ಎಂಬ ಧೈರ್ಯ ಬಂದ ಮೇಲೆ ಇನ್ನೂ ಹುಷಾರಾಗಿರಬೇಕು. ಆ ಹೊತ್ತಿಗೆ ಗಮನ ಸಡಿಲವಾಗಿರುತ್ತದೆ, ಹಳೆಯ ಅಭ್ಯಾಸ ಮಾತ್ರ ಹಾಗೇ ಇರುತ್ತದೆ.

ಇದಕ್ಕೆ ಒಂದು ಸಣ್ಣ ವಿಧಿ ಮಾಡಿಕೊಂಡಿದ್ದೇವೆ. ಟ್ಯಾಂಕಿನ ಮೇಲೆ, ಕೀ ಹಾಕುವ ಜಾಗದ ಹತ್ತಿರ, ಹಳದಿ ಟೇಪಿನಲ್ಲಿ ಬಲಕ್ಕೆ ತೋರಿಸುವ ಒಂದು ಬಾಣ. ಪ್ರತಿ ಸಲ ಕೀ ತಿರುಗಿಸುವಾಗ ಅದು ಕಣ್ಣಿಗೆ ಬೀಳಲೇಬೇಕು. ಹೊರಡುವ ಮುಂಚೆ ಹೆಲ್ಮೆಟ್ ಒಳಗೇ ಜೋರಾಗಿ ಹೇಳಿಕೊಳ್ಳುವುದು: 'ಬಲಕ್ಕೆ ತಿರುಗಿದರೆ ಚಿಕ್ಕ ತಿರುವು, ಎಡಕ್ಕೆ ತಿರುಗಿದರೆ ದೊಡ್ಡ ತಿರುವು. ರೌಂಡ್‌ಅಬೌಟಿನಲ್ಲಿ ಬಲಕ್ಕೆ ತಿರುಗಿ ಒಳಗೆ.' ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಬಾಯಿ ಬಿಟ್ಟು ಹೇಳಿದಾಗ ತಲೆ ಕೇಳಿಸಿಕೊಳ್ಳುತ್ತದೆ.

ಬದಿ ಬದಲಾದರೆ ಘಾಟಿಯ ತಿರುವುಗಳೂ ಬದಲಾಗುತ್ತವೆ. ಈ ಮಾತನ್ನು ನಾನು ಎಲ್ಲೂ ಹೆಚ್ಚು ಕೇಳಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಡಕ್ಕೆ ಓಡಿಸುವವರಿಗೆ ಹೇರ್‌ಪಿನ್‌ಗಳಲ್ಲಿ (ಹಿಂದಕ್ಕೇ ಮಡಚಿದಂಥ ತಿರುವುಗಳಲ್ಲಿ) ಎಡ ತಿರುವು ಇಕ್ಕಟ್ಟು, ಬಲ ತಿರುವು ಅಗಲ. ವರ್ಷಗಟ್ಟಲೆ ಓಡಿಸಿ ಮೈಗೆ ಅದು ಹತ್ತಿಹೋಗಿರುತ್ತದೆ. ಎಡಕ್ಕೆ ವಾಲುವಾಗ ವೇಗ ತಗ್ಗಿಸಿ, ಕ್ಲಚ್ ಹದವಾಗಿ ಹಿಡಿದು, ಹಿಂದಿನ ಬ್ರೇಕಿನ ಮೇಲೆ ಕಾಲಿಟ್ಟು ಸಣ್ಣಗೆ ಸುತ್ತುತ್ತೇವೆ. ಬಲಕ್ಕೆ ವಾಲುವಾಗ ಆರಾಮಾಗಿ ದೊಡ್ಡದಾಗಿ ಹೋಗುತ್ತೇವೆ. ಆಲ್ಪ್ಸ್‌ನಲ್ಲಿ ಇದು ಪೂರ್ತಿ ತಿರುಗುಮುರುಗು. ಬಲಕ್ಕೆ ಏರುವ ಹೇರ್‌ಪಿನ್ನೇ ಎಲ್ಲಕ್ಕಿಂತ ಕಷ್ಟದ್ದು. ಒಳಬದಿಯಲ್ಲಿ ರಸ್ತೆ ಗೋಡೆಯ ಹಾಗೆ ಕಡಿದಾಗಿ ಎದ್ದು ನಿಂತಿರುತ್ತದೆ. ಹಳೆಯ ಅಭ್ಯಾಸದಂತೆ ಅಗಲವಾಗಿ ತಿರುಗಿಸಿದರೆ ಎದುರಿನ ಲೇನಿಗೆ ಹೋಗಿರುತ್ತೇವೆ. ಮೇಲಿನಿಂದ ಅದೇ ಹೊತ್ತಿಗೆ ಒಂದು ಟೂರಿಸ್ಟ್ ಬಸ್ ಇಳಿಯುತ್ತಿದ್ದರೆ?

ಇಟಲಿಯ ಸ್ಟೆಲ್ವಿಯೋ ಪಾಸ್, ಅಂದರೆ ಸ್ಟೆಲ್ವಿಯೋ ಘಾಟಿ, ನಮ್ಮ ದಾರಿಯಲ್ಲಿದೆ. ಎತ್ತರ 2757 ಮೀಟರ್. ಬುಡದ ಪ್ರಾಟೊ ಊರಿನ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್‌ಗಳು. ಪ್ರತಿಯೊಂದಕ್ಕೂ ನಂಬರಿನ ಫಲಕವಿದೆ. ಕೆಳಗೆ 48ರಿಂದ ಶುರುವಾಗಿ ಮೇಲೆ ಹೋದಂತೆ ಎಣಿಕೆ ಇಳಿಯುತ್ತದೆ. 1820ರ ದಶಕದಲ್ಲಿ ಕುದುರೆ ಗಾಡಿಗಳ ಕಾಲಕ್ಕೆ ಕಟ್ಟಿದ ರಸ್ತೆ ಅದು. ಕಾರ್ಲೊ ಡೊನೆಗಾನಿ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. ಕುದುರೆಗೆ ಹತ್ತಲು ಆಗುವಷ್ಟು ಏರು ಇರಲಿ ಎಂದು ಅಷ್ಟು ಸುತ್ತು ಹಾಕಿಸಿದ್ದಾರೆ. ಏರು ಅಂಥ ಕಷ್ಟವಲ್ಲ, ತಿರುವು ಮಾತ್ರ ತೀರಾ ಚಿಕ್ಕದು. ಅಂಥ ರಸ್ತೆಗೆ ಮೊದಲ ದಿನವೇ ಹೋಗುವುದಿಲ್ಲ ಎಂಬುದು ನಮ್ಮ ತೀರ್ಮಾನಗಳಲ್ಲಿ ಒಂದು. ಮೊದಲ ದಿನ ಬೈಕ್ ತೆಗೆದುಕೊಂಡು ಹತ್ತಿರದ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಬೇಕು. ಬಲಕ್ಕೆ ಸಣ್ಣ ಸುತ್ತು, ಮತ್ತೆ ಬಲಕ್ಕೆ ಸಣ್ಣ ಸುತ್ತು. ಕಣ್ಣು ಮುಂದಿನ ಚಕ್ರದ ಮೇಲಿರಬಾರದು, ತಿರುವು ಮುಗಿಯುವ ಕಡೆಗೆ ಇರಬೇಕು. ಹೇರ್‌ಪಿನ್‌ನಲ್ಲಿ ಹಾಗೆ ನೋಡಬೇಕಾದರೆ ಕತ್ತನ್ನು ಪೂರ್ತಿ ಭುಜದ ಮೇಲಕ್ಕೆ ತಿರುಗಿಸಬೇಕಾಗುತ್ತದೆ. ಈಗಲೂ ನಾನು ದಿನಾ ಇದನ್ನು ಅಭ್ಯಾಸ ಮಾಡುತ್ತಿದ್ದೇನೆ, ಖಾಲಿ ಜಾಗದಲ್ಲಿ ನಿಧಾನಕ್ಕೆ ಬಲಕ್ಕೆ ಸುತ್ತುತ್ತಾ. ನೋಡುವವರಿಗೆ ಏನೂ ವಿಶೇಷ ಕಾಣಿಸುವುದಿಲ್ಲ. ಆದರೆ ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ನನಗೆ ಯಾವುದೂ ಇಲ್ಲ.

ನಿಯಮಗಳ ವಿಷಯ. ಆಯಾ ದೇಶದ ವೇಗದ ಮಿತಿಯನ್ನು ಎಲ್ಲರೂ ಓದಿಕೊಳ್ಳುತ್ತಾರೆ. ಊರ ಹೊರಗಿನ ಸಾಮಾನ್ಯ ರಸ್ತೆಗಳಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಗಂಟೆಗೆ 80 ಕಿ.ಮೀ., ಇಟಲಿಯಲ್ಲಿ 90, ಆಸ್ಟ್ರಿಯಾದಲ್ಲಿ 100. ಇದನ್ನು ಮರೆತರೂ ಬೋರ್ಡು ನೆನಪಿಸುತ್ತದೆ. ಬೋರ್ಡೇ ಇಲ್ಲದ ಕಡೆ ಅನ್ವಯವಾಗುವ ನಿಯಮಗಳನ್ನು ಮಾತ್ರ ಮೊದಲೇ ತಿಳಿದಿರಬೇಕು. ಯುರೋಪಿನ ಹೆಚ್ಚಿನ ಭಾಗದಲ್ಲಿ, ಯಾವ ಗುರುತೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ನಾವು ದೊಡ್ಡ ರಸ್ತೆಯಲ್ಲಿದ್ದೇವೆ, ಅವರು ಸಣ್ಣ ಓಣಿಯಿಂದ ಬರುತ್ತಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ಅವರು ನಮ್ಮ ಕಡೆ ನೋಡದೆಯೂ ನುಗ್ಗಬಹುದು, ಯಾಕೆಂದರೆ ಹಕ್ಕು ಅವರದ್ದು. ನಮ್ಮ ರಸ್ತೆಗೆ ಮೊದಲ ಹಕ್ಕು ಇದ್ದರೆ ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಾಣಿಸುತ್ತದೆ. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಹಳ್ಳಿಗಳೊಳಗೆ ಹೋಗುವಾಗ ನನ್ನ ಕಣ್ಣು ಹುಡುಕಬೇಕಾದ್ದು ಈ ಹಳದಿ ವಜ್ರವನ್ನು. ಅದು ಕಾಣದಿದ್ದರೆ ಬಲಗಡೆಯ ಪ್ರತಿ ಓಣಿಗೂ ವೇಗ ತಗ್ಗಿಸಬೇಕು.

ಸ್ವಿಟ್ಜರ್ಲೆಂಡಿನ ಬೆಟ್ಟದ ರಸ್ತೆಗಳಲ್ಲಿ ಇನ್ನೊಂದಿದೆ. ನೀಲಿ ಫಲಕದ ಮೇಲೆ ಹಳದಿ ಕೊಂಬಿನ ಚಿತ್ರ ಕಂಡರೆ ಅದು ಪೋಸ್ಟ್ ಬಸ್ ಎಂಬ ಹಳದಿ ಸಾರ್ವಜನಿಕ ಬಸ್ಸು ಓಡಾಡುವ ರಸ್ತೆ. ಅಲ್ಲಿ ಹಳದಿ ಬಸ್ಸಿನ ಡ್ರೈವರ್ ಹೇಳಿದಂತೆ ನಾವು ಕೇಳಬೇಕು. ನಿಲ್ಲು ಅಂದರೆ ನಿಲ್ಲಬೇಕು, ಹಿಂದೆ ಹೋಗು ಅಂದರೆ ಹಿಂದೆ ಹೋಗಬೇಕು. ಕುರುಡು ತಿರುವಿಗೆ ಬರುವ ಮುಂಚೆ ಬಸ್ಸು ಮೂರು ಸ್ವರದ ಹಾರ್ನ್ ಊದುತ್ತದೆ. ಅದನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಕೇಳಿಸಿಕೊಂಡಿದ್ದೇನೆ. ಮೊದಲ ಸಲ ಅಲ್ಲೇ ಕೇಳಿದರೆ ಎಲ್ಲೋ ಮದುವೆ ಮನೆಯ ಸಂಗೀತ ಅಂದುಕೊಂಡು ಸುಮ್ನೆ ಮುಂದೆ ಹೋಗುವ ಸಾಧ್ಯತೆ ಇದೆ. ಈಗ ಕೇಳಿದ ತಕ್ಷಣ ಬಲ ಅಂಚಿಗೆ ಸರಿದು ನಿಲ್ಲುವುದು ಅಂತ ಗೊತ್ತಿದೆ. ನಿಂತ ಕಾರುಗಳ ಸಾಲಿನ ನಡುವೆ ನುಸುಳಿ ಮುಂದೆ ಹೋಗುವುದೂ ಸ್ವಿಟ್ಜರ್ಲೆಂಡಿನಲ್ಲಿ ನಿಷಿದ್ಧ. ಬೈಕ್ ಓಡಿಸುವವರಿಗೆ ಈ ಅಭ್ಯಾಸ ಬಿಡುವುದು ಸುಲಭವಲ್ಲ, ಅಲ್ವಾ? ಸಾಲಿನಲ್ಲಿ ನಿಲ್ಲುವುದು ಎಂದು ಈಗಲೇ ಒಪ್ಪಿಕೊಂಡುಬಿಟ್ಟರೆ ಅಲ್ಲಿ ಸಿಟ್ಟು ಬರುವುದಿಲ್ಲ.

ಕಾಗದಪತ್ರ ಬೇಸರದ ಕೆಲಸ, ಆದರೆ ಇದರಲ್ಲೂ ಒಂದು ಜಾಗದಲ್ಲಿ ತುಂಬಾ ಜನ ಎಡವುತ್ತಾರೆ. ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಅಂದರೆ ಎಲ್ಲ ಕಡೆ ನಡೆಯುವ ಒಂದೇ ಪುಸ್ತಕ ಅಂತ ಜನ ತಿಳಿದಿರುತ್ತಾರೆ. ಆದರೆ ಅದು ಒಂದೇ ಅಲ್ಲ: 1949ರ ಜಿನೀವಾ ಒಪ್ಪಂದದ ಪರ್ಮಿಟ್ ಒಂದು, 1968ರ ವಿಯೆನ್ನಾ ಒಪ್ಪಂದದ್ದು ಇನ್ನೊಂದು. ಕೆಲವು ದೇಶಗಳು ಎರಡನ್ನೂ ಒಪ್ಪುತ್ತವೆ, ಕೆಲವು ಒಂದನ್ನು ಮಾತ್ರ. ಜಪಾನಿನಲ್ಲಿ 1949ರದ್ದು ನಡೆಯುತ್ತದೆ, 1968ರದ್ದು ನಡೆಯುವುದಿಲ್ಲ. ವಿಯೆಟ್ನಾಂ ಸೇರಿರುವುದು 1968ರ ಒಪ್ಪಂದಕ್ಕೆ. ಹೋಗುವ ದೇಶ ಯಾವುದನ್ನು ಒಪ್ಪುತ್ತದೆ, ನಮ್ಮ ಕೈಯಲ್ಲಿರುವುದು ಯಾವುದು ಅಂತ ಪುಸ್ತಕದ ಮುಖಪುಟ ತೆಗೆದು ನೋಡಬೇಕು. ಒಳಗೆ ಬೈಕಿನ ವರ್ಗಕ್ಕೆ, ಅಂದರೆ 'ಎ' ಅಕ್ಷರದ ಎದುರಿಗೆ, ಮೊಹರು ಬಿದ್ದಿದೆಯಾ ನೋಡಬೇಕು. ಕಾರಿನದ್ದು ಮಾತ್ರ ಇದ್ದರೆ ಪ್ರಯೋಜನವಿಲ್ಲ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಪರ್ಮಿಟ್‌ಗೆ ಬೆಲೆಯೂ ಇಲ್ಲ.

ಬಾಡಿಗೆಗೆ ಕೊಡುವವರು ಇದನ್ನೆಲ್ಲ ನೋಡದೆ ಕೀ ಕೊಟ್ಟುಬಿಡಬಹುದು. ಏಷ್ಯಾದ ಎಷ್ಟೋ ಪ್ರವಾಸಿ ಊರುಗಳಲ್ಲಿ ಕೊಟ್ಟೇ ಕೊಡುತ್ತಾರೆ. ಕೀ ಸಿಕ್ಕಿತು ಅಂದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ. ಬಿದ್ದು ಆಸ್ಪತ್ರೆ ಸೇರಿದಾಗ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಆ ದೇಶದಲ್ಲಿ ಆ ಬೈಕ್ ಓಡಿಸಲು ನಿಮಗೆ ಕಾನೂನು ಪ್ರಕಾರ ಲೈಸೆನ್ಸ್ ಇತ್ತೇ ಎಂಬುದು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೂ ಮುಗಿಯಲಿಲ್ಲ. ಬಹಳಷ್ಟು ಪ್ರವಾಸ ವಿಮೆಗಳಲ್ಲಿ ಬೈಕಿಗೆ ಸಿಸಿ ಮಿತಿ ಇರುತ್ತದೆ. ಇಷ್ಟು ಸಿಸಿಗಿಂತ ದೊಡ್ಡ ಎಂಜಿನ್ ಓಡಿಸುವಾಗ ಆದ ಗಾಯಕ್ಕೆ ನಾವು ಹೊಣೆಯಲ್ಲ ಅಂತ ಹಿಂದಿನ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಈ ಮೂರೂ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾಗೆ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು ಎಂಬ ನಿಯಮವಿದೆ. ಆದರೆ ಆ ಪಾಲಿಸಿ ಬೈಕನ್ನು ಒಳಗೊಂಡಿದೆಯಾ ಅಂತ ವೀಸಾ ಕೊಡುವವರು ಕೇಳುವುದಿಲ್ಲ. ಅದನ್ನು ನಾವೇ ಕೇಳಬೇಕು. ನಾನು ಬೈಕಿನ ಮಾಡೆಲ್, ಸಿಸಿ, ದೇಶಗಳ ಹೆಸರು ಎಲ್ಲ ಬರೆದು ಮೇಲ್ ಕಳಿಸಿ ಲಿಖಿತ ಉತ್ತರ ತರಿಸಿಕೊಂಡಿದ್ದೇನೆ. ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋದರೆ ಆ ಖರ್ಚು ಸೇರಿದೆಯಾ ಎಂಬುದನ್ನೂ ಕೇಳಿದೆ. ಫೋನಿನಲ್ಲಿ 'ಎಲ್ಲಾ ಕವರ್ ಆಗುತ್ತೆ ಸರ್' ಅಂದ ಮಾತಿನ ಮೇಲೆ ನಾನು ಬೆಟ್ಟ ಹತ್ತುವುದಿಲ್ಲ.

ಸ್ವಂತ ಬೈಕನ್ನೇ ಹಡಗಿನಲ್ಲೋ ವಿಮಾನದಲ್ಲೋ ಒಯ್ಯುವವರ ಲೋಕ ಬೇರೆ. ಜಪಾನ್, ಆಸ್ಟ್ರೇಲಿಯಾ, ಇರಾನಿನಂಥ ದೇಶಗಳಿಗೆ ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕ ಬೇಕು, ಅದಕ್ಕೆ ದೊಡ್ಡ ಠೇವಣಿ ಇಡಬೇಕು. ಆ ದಾರಿ ತಿಂಗಳುಗಟ್ಟಲೆ ಹೋಗುವವರಿಗೆ. ಎರಡು ಮೂರು ವಾರಕ್ಕೆ ಹೋಗುವವರಿಗೆ ಬಾಡಿಗೆಯೇ ಸರಿ.

ಇನ್ನು ಚಳಿ. ನಾನು ಇದನ್ನು ಮಳೆಗಿಂತ ದೊಡ್ಡ ಶತ್ರು ಅಂತ ಭಾವಿಸುತ್ತೇನೆ. ಸಾವಿರ ಮೀಟರ್ ಮೇಲೆ ಹೋದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಪ್ರಾಟೊ ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ 20 ಡಿಗ್ರಿಯ ಹಿತವಾದ ಬಿಸಿಲು ಇದ್ದರೆ ಸ್ಟೆಲ್ವಿಯೋ ನೆತ್ತಿಯಲ್ಲಿ 8 ಡಿಗ್ರಿ. ಮೋಡ ಕವಿದರೆ ಇನ್ನೂ ಕಡಿಮೆ. ಇದರ ಮೇಲೆ ಗಾಳಿ. 5 ಡಿಗ್ರಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು ಮೈನಸ್ 3ರಷ್ಟು ಅನ್ನಿಸುತ್ತದೆ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಒತ್ತುತ್ತಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಮೈ ತಣ್ಣಗಾದಂತೆ ತಲೆಯೂ ಮಂದವಾಗುತ್ತದೆ. ಚಳಿಯಾಗಿದೆ, ನಿಂತು ಇನ್ನೊಂದು ಪದರ ಹಾಕಿಕೊಳ್ಳಬೇಕು ಎಂದು ತೀರ್ಮಾನಿಸಬೇಕಾದ ತಲೆಯೇ ಆ ಕೆಲಸ ಮಾಡುವುದಿಲ್ಲ. ಹಾಗಾಗಿ ಅದನ್ನು ತಲೆಗೆ ಬಿಟ್ಟಿಲ್ಲ. ಘಾಟಿ ಹತ್ತುವ ಮುಂಚೆ ಬುಡದಲ್ಲೇ ನಿಂತು, ಸೆಖೆ ಆಗುತ್ತಿದ್ದರೂ ಒಳಗಿನ ಪದರ ಹಾಕಿಕೊಳ್ಳುವುದು. ಇದರಲ್ಲಿ ಚರ್ಚೆ ಇಲ್ಲ.

ರೇನ್‌ಕೋಟನ್ನು ನಂಬುವ ಮುಂಚೆ ಪರೀಕ್ಷಿಸಿದೆ. ಬೂಟು, ಗ್ಲೌಸು ಸಮೇತ ಪೂರ್ತಿ ಹಾಕಿಕೊಂಡು, ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೆ ಬೈಕಿನಲ್ಲಿ ಕೂರುವ ಹಾಗೆ ಮುಂದಕ್ಕೆ ಬಾಗಿ ಕೂತು, ಷವರ್ ತಿರುಗಿಸಿಕೊಂಡೆ. ನಿಂತು ನೆನೆದರೆ ಏನೂ ಗೊತ್ತಾಗುವುದಿಲ್ಲ, ಕೂತು ನೆನೆಯಬೇಕು. ಕೂತಾಗ ತೊಡೆಸಂದಿಯಲ್ಲಿ ನೀರು ಮಡುಗಟ್ಟಿತು, ಸ್ವಲ್ಪ ಹೊತ್ತಿಗೆ ಅಲ್ಲಿನ ಹೊಲಿಗೆಯಿಂದ ಒಳಗೆ ತಣ್ಣಗೆ ಇಳಿಯಿತು. ಕೈಯನ್ನು ಹ್ಯಾಂಡಲ್ ಹಿಡಿದಂತೆ ಚಾಚಿದಾಗ ತೋಳಿನಿಂದ ಹರಿದ ನೀರು ನೇರ ಗ್ಲೌಸಿನೊಳಗೆ ಹೋಯಿತು. ಗ್ಲೌಸಿನ ತುದಿ ತೋಳಿನ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆ ಅಲ್ಲೇ ಬಗೆಹರಿಯಿತು: ನನ್ನ ಕೋಟಿಗೆ ಒಳಗೆ. ಒದ್ದೆ ಕೈಯಿಂದ ಗ್ಲೌಸ್ ಕಳಚಿದರೆ ಒಳಗಿನ ಬಟ್ಟೆ ಬೆರಳಿಗೆ ಅಂಟಿಕೊಂಡು ಹೊರಬರುತ್ತದೆ, ಮತ್ತೆ ಹಾಕಿಕೊಳ್ಳಲು ಆಗುವುದೇ ಇಲ್ಲ. ಅದಕ್ಕೇ ಎರಡನೇ ಜೊತೆ ಗ್ಲೌಸ್ ಬೇಕೇ ಬೇಕು. ಆ ತೊಡೆಸಂದಿಯ ಹೊಲಿಗೆಗೆ ಒಳಗಿನಿಂದ ಸೀಲಿಂಗ್ ಟೇಪ್ ಹಚ್ಚಿ ಇನ್ನೊಮ್ಮೆ ಕೂತೆ. ಈಗ ಸರಿಯಾಗಿದೆ.

ಹೆಲ್ಮೆಟ್, ಜಾಕೆಟ್‌ಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಯುರೋಪಿನಲ್ಲಿ ಓಡಿಸುವುದಾದರೆ ಹೆಲ್ಮೆಟ್ಟಿಗೆ ಇಸಿಇ ಎಂಬ ಸುರಕ್ಷತಾ ಮಾನ್ಯತೆ ಇರಬೇಕು, ಈಗಿನದ್ದು 22.06. ಜಾಕೆಟ್ಟಿನ ಲೇಬಲ್ಲಿನಲ್ಲಿ ಎ, ಎಎ, ಎಎಎ ಎಂಬ ದರ್ಜೆ ಇರುತ್ತದೆ. ಎಎಎ, ಬಿದ್ದು ರಸ್ತೆಯ ಮೇಲೆ ಜಾರಿದಾಗಿನ ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ, ಆದರೆ ಭಾರ, ಸೆಖೆ. ದಿನವಿಡೀ ಹಾಕಿಕೊಳ್ಳಲು ನನಗೆ ಎಎ ಹಿಡಿಸಿದೆ. ಕಪ್ಪು ವೈಸರ್ ಬೇಡ. ಆಲ್ಪ್ಸ್‌ನಲ್ಲಿ ಸುರಂಗಗಳು ಲೆಕ್ಕವಿಲ್ಲದಷ್ಟಿವೆ, ಬಿಸಿಲಿನಿಂದ ನೇರ ಒಳಗೆ ನುಗ್ಗಿದಾಗ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಹೋಗಿರುತ್ತೇವೆ. ಕಿವಿಗೆ ಇಯರ್‌ಪ್ಲಗ್ ಮಾತ್ರ ಮರೆಯಬೇಡಿ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು ಕಿವಿಗೆ ಹಾನಿ ಮಾಡುವಷ್ಟಿರುತ್ತದೆ. ಸಂಜೆಯ ಸುಸ್ತಿನಲ್ಲಿ ಅರ್ಧ ಪಾಲು ಆ ಸದ್ದಿನದ್ದೇ ಎಂದು ನನ್ನ ನಂಬಿಕೆ.

ಬಾಡಿಗೆ ಬೈಕನ್ನು ಕೈಗೆ ತೆಗೆದುಕೊಳ್ಳುವ ಹೊತ್ತು ಬಹಳ ಮುಖ್ಯ. ವಿಮಾನ ಇಳಿದ ದಿನವೇ ಬೈಕ್ ತೆಗೆದುಕೊಳ್ಳುವುದಿಲ್ಲ ಅಂತ ಮೊದಲೇ ನಿರ್ಧರಿಸಿದ್ದೇವೆ. ರಾತ್ರಿಯಿಡೀ ಸರಿಯಾಗಿ ನಿದ್ದೆ ಮಾಡದ ಮನುಷ್ಯ, ಗೊತ್ತಿಲ್ಲದ ಬೈಕು, ತಪ್ಪು ಅನ್ನಿಸುವ ರಸ್ತೆಯ ಬದಿ, ಈ ಮೂರೂ ಒಟ್ಟಿಗೆ ಬೇಡ. ಒಂದು ದಿನದ ಬಾಡಿಗೆ ಉಳಿಸಲು ಅದನ್ನು ಮಾಡುವುದು ಸರಿಯಲ್ಲ. ಮರುದಿನ ಬೆಳಗ್ಗೆ ಹೋಗಿ, ಬೈಕಿನ ಸುತ್ತ ನಿಧಾನಕ್ಕೆ ವಿಡಿಯೋ ತೆಗೆಯುವುದು, ಪ್ರತಿ ಗೀರೂ ಕಾಣುವ ಹಾಗೆ. ಟಯರಿನ ಗೆರೆಗಳ ಆಳ ನೋಡುವುದು. ಕಾನೂನಿನ ಕನಿಷ್ಠ ಸಾಮಾನ್ಯವಾಗಿ 1.6 ಮಿ.ಮೀ., ಆದರೆ ಬೆಟ್ಟದ ಮಳೆಗೆ ಅಷ್ಟಕ್ಕೆ ನಾನು ಒಪ್ಪುವುದಿಲ್ಲ. ಬ್ರೇಕ್, ಕ್ಲಚ್ ಲಿವರುಗಳ ಕೋನವನ್ನು ನನ್ನ ಮಣಿಕಟ್ಟಿಗೆ ಸರಿಯಾಗುವಂತೆ ತಿರುಗಿಸಿಕೊಡಿ ಅಂತ ಕೇಳುವುದು. ಇದಕ್ಕೆ ಎರಡು ನಿಮಿಷ ಸಾಕು. ಸಂಕೋಚಕ್ಕೆ ಕೇಳದೆ ಬಿಟ್ಟರೆ ದಿನವಿಡೀ ಕೈ ನೋಯುತ್ತದೆ. ಸಾಮಾನು ಹೇರಿದ ಮೇಲೆ ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡಿಸಿ, ಟಯರಿನ ಗಾಳಿಯನ್ನೂ ಭಾರಕ್ಕೆ ತಕ್ಕಂತೆ ಹಾಕಿಸಬೇಕು. ಭಾರದ ಸಾಮಾನು ಪಕ್ಕದ ಪೆಟ್ಟಿಗೆಗಳ ತಳದಲ್ಲಿ. ಹಿಂದಿನ ಎತ್ತರದ ಪೆಟ್ಟಿಗೆಯಲ್ಲಿ ಹಗುರವಾದದ್ದು ಮಾತ್ರ. ರೇನ್‌ಕೋಟು ಎಲ್ಲಕ್ಕಿಂತ ಮೇಲೆ.

ಸಣ್ಣಪುಟ್ಟವು ಬೇಗ ಬೇಗ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಬೈಕಿಗೂ ವಿನ್ಯೆಟ್ (ಹೆದ್ದಾರಿ ಶುಲ್ಕ ಕಟ್ಟಿದ ಗುರುತು) ಬೇಕು, ವರ್ಷಕ್ಕೆ 40 ಫ್ರಾಂಕ್, ಒಂದು ದಿನಕ್ಕೆ ಬಂದರೂ ಅಷ್ಟೇ. ಆಸ್ಟ್ರಿಯಾದ ಹೆದ್ದಾರಿಗೆ ಬೇರೆ ವಿನ್ಯೆಟ್. ಬಾಡಿಗೆಯವರು ಹಾಕಿಸಿದ್ದಾರಾ ಕೇಳಿ. ಆಸ್ಟ್ರಿಯಾದಲ್ಲಿ ಬೈಕಿನಲ್ಲೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಫ್ರಾನ್ಸಿಗೆ ದಾಟಿದರೆ ಮಾನ್ಯತೆ ಪಡೆದ ಗ್ಲೌಸ್ ಕಡ್ಡಾಯ, 2016ರಿಂದ. ಯುರೋಪಿನ ಬಂಕುಗಳಲ್ಲಿ ವೃತ್ತದೊಳಗೆ ಇ5 ಅಥವಾ ಇ10 ಅಂತ ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಅಂತ ಇದ್ದರೆ ಡೀಸೆಲ್. ಭಾಷೆ ಬರದಿದ್ದರೂ ಆಕಾರ ನೋಡಿದರೆ ಸಾಕು. ತುರ್ತಿಗೆ 112. ಮೊಬೈಲನ್ನು ಹ್ಯಾಂಡಲ್ಲಿಗೆ ಸಿಕ್ಕಿಸುವವರು ಕಂಪನ ತಡೆಯುವ ಹೋಲ್ಡರ್ ತೆಗೆದುಕೊಳ್ಳಿ. ದೊಡ್ಡ ಎಂಜಿನ್ನಿನ ನಡುಕಕ್ಕೆ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸುರಂಗ, ಕಣಿವೆಗಳಲ್ಲಿ ನೆಟ್‌ವರ್ಕ್ ಹೋದಾಗ ಪರದಾಡಬೇಕಿಲ್ಲ.

ದಾರಿ ಎಷ್ಟು ದೂರ ಎಂಬ ಲೆಕ್ಕದಲ್ಲಿ ನಾವಿಬ್ಬರೂ ಸ್ವಲ್ಪ ಜಗಳವಾಡಿದೆವು. ಗೆಳೆಯ ದಿನಕ್ಕೆ 350 ಕಿ.ಮೀ. ಹಾಕಿ ನಕ್ಷೆ ಮಾಡಿಕೊಂಡು ಬಂದಿದ್ದ. 'ಹೈವೇಲಿ ಅಷ್ಟು ಅರ್ಧ ದಿನದಲ್ಲಿ ಆಗುತ್ತಲ್ಲ ಮಾರಾಯ' ಅಂತ ಅವನ ವಾದ. ಹೆದ್ದಾರಿಯಲ್ಲಿ ಆಗುತ್ತದೆ. ಆದರೆ ನಾವು ಹೋಗುತ್ತಿರುವುದು ಹೆದ್ದಾರಿಗಲ್ಲ. ಸ್ವಿಟ್ಜರ್ಲೆಂಡಿನ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಪಾಸ್‌ಗಳು ಒಂದರ ಪಕ್ಕ ಒಂದಿವೆ, ಮೂರನ್ನೂ ಸೇರಿಸಿ ಸುತ್ತಿದರೆ 130 ಕಿ.ಮೀ. ಆಸುಪಾಸು. ನಕ್ಷೆಯಲ್ಲಿ ನೋಡಿದರೆ ಬೆಳಗಿನ ಹೊತ್ತಿಗೆ ಮುಗಿಯುವ ದೂರ. ಅಲ್ಲಿ ಅದು ಪೂರ್ತಿ ದಿನದ ಕೆಲಸ, ನಿಂತು ನೋಡಬೇಕಾದ ಜಾಗಗಳೇ ಅಷ್ಟಿವೆ. ಕೊನೆಗೆ ಘಾಟಿಯ ದಿನಗಳಿಗೆ 200 ಕಿ.ಮೀ. ಮಿತಿ ಎಂದು ಒಪ್ಪಿಕೊಂಡೆವು. ಆಸ್ಟ್ರಿಯಾದ ಟಿರೋಲ್‌ನ ರಾಯ್ಟೆ ಜಿಲ್ಲೆಯ ಕೆಲವು ರಸ್ತೆಗಳಲ್ಲಿ 95 ಡೆಸಿಬೆಲ್ಲಿಗಿಂತ ಹೆಚ್ಚು ಸದ್ದಿನ ಬೈಕುಗಳಿಗೆ ಬೇಸಿಗೆಯ ತಿಂಗಳುಗಳಲ್ಲಿ ಪ್ರವೇಶವಿಲ್ಲ, ಅದನ್ನೂ ನೋಡಿ ದಾರಿ ಬದಲಿಸಿದೆವು. ಆ ನಿಯಮ ನನಗೆ ಸರಿ ಅನ್ನಿಸುತ್ತದೆ. ನಮಗೆ ಒಂದು ದಿನದ ಸಂಭ್ರಮ, ಆ ಕಣಿವೆಯವರಿಗೆ ಇಡೀ ಬೇಸಿಗೆಯ ಸದ್ದು.

ಸೆಪ್ಟೆಂಬರ್ ಆರಿಸಿಕೊಂಡದ್ದಕ್ಕೂ ಕಾರಣವಿದೆ. ಆಗಸ್ಟಿನಲ್ಲಿ ಇಟಲಿಯ ಜನರೆಲ್ಲ ರಜೆಯ ಮೇಲೆ ಬೆಟ್ಟಕ್ಕೋ ಸಮುದ್ರಕ್ಕೋ ಹೊರಟಿರುತ್ತಾರೆ. ಜೂನ್ ಶುರುವಿನಲ್ಲಿ ಎತ್ತರದ ಪಾಸ್‌ಗಳಲ್ಲಿ ಹಿಮ ತೆಗೆಯುವ ಕೆಲಸವೇ ಎಷ್ಟೋ ಸಲ ಮುಗಿದಿರುವುದಿಲ್ಲ. ಸೆಪ್ಟೆಂಬರಿನಲ್ಲಿ ರಸ್ತೆಗಳು ತೆರೆದಿರುತ್ತವೆ, ಜನ ಕಡಿಮೆ. ಹಾಗಂತ ಭರವಸೆ ಏನಿಲ್ಲ. 2000 ಮೀಟರಿನ ಮೇಲೆ ಹಿಮ ಯಾವ ತಿಂಗಳಲ್ಲಾದರೂ ಬೀಳಬಹುದು.

ಅದಕ್ಕಾಗಿ ಮಾಡಿಕೊಂಡ ಒಪ್ಪಂದವೇ ನಮ್ಮ ತಯಾರಿಯಲ್ಲಿ ನನಗೆ ಅತ್ಯಂತ ನೆಮ್ಮದಿ ಕೊಟ್ಟಿರುವುದು. ಇಬ್ಬರಲ್ಲಿ ಯಾರಾದರೂ ಒಬ್ಬರು 'ಸಾಕು' ಅಂದರೆ ಅಲ್ಲಿಗೆ ಸಾಕು. ಇನ್ನೊಬ್ಬ ಕಾರಣ ಕೇಳುವಂತಿಲ್ಲ, ಮುಖ ಸಣ್ಣ ಮಾಡುವಂತಿಲ್ಲ, ರಾತ್ರಿ ಊಟಕ್ಕೆ ಕೂತಾಗ ಆ ವಿಷಯ ಎತ್ತುವಂತಿಲ್ಲ. ಮಧ್ಯಾಹ್ನ ನಾಲ್ಕರ ನಂತರ ಹೊಸ ಘಾಟಿ ಹತ್ತುವುದಿಲ್ಲ. ಘಾಟಿಯ ನೆತ್ತಿಯ ಮೇಲೆ ಗುಡುಗು ಕೇಳಿದರೆ ಬುಡದಲ್ಲೇ ಉಳಿಯುವುದು, ಆಚೆ ಬುಕ್ ಮಾಡಿದ ರೂಮಿನ ದುಡ್ಡು ಹೋದರೆ ಹೋಗಲಿ. ಆ ದುಡ್ಡನ್ನು ಈಗಲೇ ಖರ್ಚಿನ ಪಟ್ಟಿಗೆ ಸೇರಿಸಿಬಿಟ್ಟಿದ್ದೇವೆ, ಎರಡು ರಾತ್ರಿಯದ್ದು. ಹಾಗೆ ಸೇರಿಸಿದ ಮೇಲೆ ಅದು ನಷ್ಟ ಅನ್ನಿಸುವುದಿಲ್ಲ. ಘಾಟಿ ದಾಟುವ ಆಸೆಗೆ ದುಡ್ಡಿನ ಒತ್ತಾಯವೂ ಸೇರಿದರೆ ಯಾರಿಗೂ ತಡೆಯಲು ಆಗುವುದಿಲ್ಲ, ಅದನ್ನು ಬೇರೆ ಮಾಡಿಡಬೇಕು.

ಮನೆಯಲ್ಲೂ ಕೂತು ಮಾತಾಡಿದೆ. ಹೆಂಡತಿ ಬೈಕ್ ಪ್ರಯಾಣಕ್ಕೆ ಬೇಡ ಅಂದವಳಲ್ಲ, ಆದರೆ ಭಯ ಇಲ್ಲದವಳೂ ಅಲ್ಲ. ಅವಳ ಭಯಕ್ಕೆ 'ಏನೂ ಆಗಲ್ಲ ಬಿಡು' ಅನ್ನುವುದು ಉತ್ತರವಲ್ಲ. ವಿಮೆಯ ನಂಬರು, ಬಾಡಿಗೆಯವರ ನಂಬರು, ದಿನದಿನದ ದಾರಿ, ಗೆಳೆಯನ ಮನೆಯವರ ಫೋನು, ನನ್ನ ರಕ್ತದ ಗುಂಪು ಎಲ್ಲ ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಅವಳು ಓದಿ, 'ರಾತ್ರಿ ಎಷ್ಟು ಗಂಟೆವರೆಗೆ ಫೋನ್ ಬರಲಿಲ್ಲ ಅಂದ್ರೆ ನಾನು ಯಾರಿಗೆ ಮಾಡಬೇಕು?' ಅಂತ ಕೇಳಿದಳು. ನಾನು ಯೋಚಿಸಿರದ ಪ್ರಶ್ನೆ, ಬಹಳ ಸರಿಯಾದ ಪ್ರಶ್ನೆ. ಅಲ್ಲಿಯ ರಾತ್ರಿ ಎಂಟು ಗಂಟೆ ಅಂತ ನಿಗದಿ ಮಾಡಿದೆವು. ಎಂಟರೊಳಗೆ ಮೆಸೇಜ್ ಬರದಿದ್ದರೆ ಮೊದಲು ಗೆಳೆಯನ ಫೋನಿಗೆ, ಆಮೇಲೆ ಆ ದಿನದ ಹೋಟೆಲಿಗೆ. ಆ ಸಾಲನ್ನೂ ಹಾಳೆಯ ಮೇಲೆ ಅವಳೇ ಬರೆದಳು.

ಇಷ್ಟೆಲ್ಲ ತೀರ್ಮಾನಿಸಿದ ಮೇಲೆ, ಬೇಕೆಂದೇ ಖಾಲಿ ಬಿಟ್ಟದ್ದೂ ಇದೆ. ಇಟಲಿಯ ಡೊಲೊಮೈಟ್ಸ್ ಬೆಟ್ಟಗಳಲ್ಲಿ ಮೂರು ದಿನ ಯಾವ ದಾರಿಯನ್ನೂ ಹಾಕಿಕೊಂಡಿಲ್ಲ. ಸೆಲ್ಲಾ ಬಂಡೆಗಳ ಸುತ್ತ ನಾಲ್ಕು ಪಾಸ್‌ಗಳಿವೆ: ಸೆಲ್ಲಾ, ಪೊರ್ಡೊಯಿ, ಗಾರ್ಡೆನಾ, ಕಾಂಪೊಲೊಂಗೊ. ಒಂದೇ ಊರಿನಲ್ಲಿ ರೂಮು ಇಟ್ಟುಕೊಂಡು, ಬೆಳಗ್ಗೆ ಎದ್ದು ಆಕಾಶ ನೋಡಿ, ಯಾವ ಕಡೆ ಬಿಸಿಲಿದೆಯೋ ಆ ಕಡೆ. ಇಷ್ಟವಾದ ಪಾಸನ್ನು ಅದೇ ದಿನ ಎರಡು ಸಲ ದಾಟಬಹುದು, ಅಥವಾ ಬೈಕ್ ನಿಲ್ಲಿಸಿ ಇಡೀ ಮಧ್ಯಾಹ್ನ ಹುಲ್ಲಿನ ಮೇಲೆ ಬಿದ್ದುಕೊಂಡಿರಬಹುದು. ಗೆಳೆಯನಿಗೆ ಆ ಮೂರು ದಿನಗಳ ಬಗ್ಗೆ ಇನ್ನೂ ಚಡಪಡಿಕೆ. ನಿನ್ನೆ ರಾತ್ರಿ ಮತ್ತೊಂದು ನಕ್ಷೆ ಕಳಿಸಿದ್ದಾನೆ, ನಾಲ್ಕು ಪಾಸ್‌ಗಳಿಗೂ ಗಂಟೆ ಗುರುತು ಹಾಕಿ. ಅದನ್ನು ಇನ್ನೂ ತೆರೆದು ನೋಡಿಲ್ಲ.